ಒಂದು ಫೋನ್ ಮಾಡಿ ಕೇಳಬಹುದಿತ್ತು

ಇಂಡಿ ತಾಲ್ಲೂಕಿನಿಂದ ಬಂದು ಪುಣೆಯ ಭೋಸರಿ ಎಂಐಡಿಸಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಹಾಕಿ 19 ವರ್ಷವಾಯಿತು. ನಾಲ್ಕು ಲೇಥ್, 12 ಜನ ಕೆಲಸಗಾರರು, ಒಂದು ಹಳೆಯ ಕಂಪ್ಯೂಟರ್. ಸೈಬರ್ ಕಳ್ಳರಿಗೆ ನಮ್ಮಂಥವರ ಹತ್ತಿರ ಏನು ಸಿಕ್ಕೀತು ಎಂದುಕೊಂಡಿದ್ದೆ.

ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋಗಿದ್ದಾಗ ನಮ್ಮ ಲೆಕ್ಕದ ಹುಡುಗನ ವಾಟ್ಸಾಪಿಗೆ ಹೊಸ ನಂಬರಿನಿಂದ ಮೆಸೇಜ್ ಬಂತು. ಮೇಲೆ ನನ್ನದೇ ಫೋಟೊ. ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡ, ಈ ಖಾತೆಗೆ 1,80,000 ರೂಪಾಯಿ ತಕ್ಷಣ ಹಾಕು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬ್ಯಾಂಕಿನ ಪಾಸ್‌ವರ್ಡ್ ಅವನ ಹತ್ತಿರವೇ ಇತ್ತು, ಓಟಿಪಿ ಬರುವ ಫೋನೂ ಆಫೀಸಿನ ಡ್ರಾಯರಿನಲ್ಲೇ. ಹಾಕಿಬಿಟ್ಟ.

ನನಗೆ ಗೊತ್ತಾಗುವಷ್ಟರಲ್ಲಿ ರಾತ್ರಿಯಾಗಿತ್ತು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಮುಂದೆ ಸಾಗದಂತೆ ತಡೆಯಲು ಸಿಕ್ಕಿದ್ದು 46,000 ಮಾತ್ರ. ಮೊದಲ ಒಂದೆರಡು ತಾಸಿನಲ್ಲೇ ತಿಳಿಸಿದ್ದರೆ ಇನ್ನಷ್ಟು ಉಳಿಯುತ್ತಿತ್ತೇನೋ. ಹುಡುಗನನ್ನು ಕೆಲಸದಿಂದ ತೆಗೆಯಬೇಕೆಂದೇ ಪುಣೆಗೆ ಮರಳಿದೆ.

ಅವನು ಅಕ್ಕಲಕೋಟೆ ಕಡೆಯವನು. ತಲೆ ತಗ್ಗಿಸಿ ನಿಂತು ಹೇಳಿದ: "ಮದುವ್ಯಾಗ ಎಂಥಾ ಮೀಟಿಂಗು ಅಂತ ನನಗೂ ಅನಿಸಿತ್ರೀ ಸಾಹೇಬ್ರ. ಆದ್ರ ಹೋದ ಸಲ ಫೋನ್ ಮಾಡಿ ಕೇಳಿದ್ದಕ್ಕ ನೀವು ಎಲ್ಲಾರ ಮುಂದ ಬೈದಿದ್ರಿ."

ನಾನು ಬೈದಿದ್ದು ನಿಜ. ಸಣ್ಣ ಸಣ್ಣದಕ್ಕೂ ಫೋನ್ ಮಾಡಬೇಡ ಎಂದು ಕಿರುಚಿದ್ದೆ. ಕಳ್ಳ ಬರೆದದ್ದೂ ಅದೇ ಮಾತು.

ನಮ್ಮದೇ ಪುಣೆಯಲ್ಲಿ 2018ರ ಆಗಸ್ಟಿನಲ್ಲಿ ಕಾಸ್ಮೋಸ್ ಬ್ಯಾಂಕಿನಿಂದ 94 ಕೋಟಿಗೂ ಹೆಚ್ಚು ಹಣ ಹೋಯಿತು. ಅಲ್ಲಿ ಕಳ್ಳರು ಕಂಪ್ಯೂಟರ್ ವ್ಯವಸ್ಥೆಗೇ ಕನ್ನ ಹಾಕಿದ್ದರು. ನಕಲಿ ಕಾರ್ಡುಗಳಿಂದ ದೇಶ ವಿದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದಿದ್ದರು. ಆದರೆ 2022ರ ಸೆಪ್ಟೆಂಬರಿನಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಒಂದು ಕೋಟಿಗೂ ಹೆಚ್ಚು ಕಳೆದುಕೊಂಡದ್ದು ಅದಾರ್ ಪೂನಾವಾಲಾ ಹೆಸರಿನಲ್ಲಿ ಬಂದ ವಾಟ್ಸಾಪ್ ಮೆಸೇಜಿನಿಂದ. ಅಷ್ಟು ದೊಡ್ಡ ಕಂಪನಿಯಲ್ಲೇ ಯಜಮಾನರ ಹೆಸರು ಕಂಡೊಡನೆ ದುಡ್ಡು ಹೋಯಿತು. ಇನ್ನು ತಿಂಗಳಿಗೆ 18,000 ಸಂಬಳದ ಹುಡುಗ ನನ್ನನ್ನು ಎದುರು ಪ್ರಶ್ನಿಸಬೇಕಿತ್ತೇ?

ಹುಡುಗನನ್ನು ತೆಗೆಯಲಿಲ್ಲ. ಸಂಬಳದಲ್ಲೂ ಮುರಿದುಕೊಳ್ಳಲಿಲ್ಲ. ಮುರಿದುಕೊಂಡಿದ್ದರೆ ಮುಂದಿನ ಸಲ ತಪ್ಪಾದಾಗ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬದಲಿಗೆ ಅವನೂ ನಾನೂ ಕೂತು ಎಲ್ಲವನ್ನೂ ನೋಡಿದೆವು. ಎರಡು ವರ್ಷದ ಹಿಂದೆ ಬಿಟ್ಟುಹೋದವನ ಇಮೇಲ್ ಇನ್ನೂ ತೆರೆದೇ ಇತ್ತು. ಟ್ಯಾಲಿಗೂ ಇಮೇಲಿಗೂ ಒಂದೇ ಪಾಸ್‌ವರ್ಡ್. ಅದೂ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಈಗ ಕೆಲಸ ಬಿಟ್ಟವರ ಇಮೇಲನ್ನು ಅಂದೇ ಮುಚ್ಚುತ್ತೇವೆ. ಶನಿವಾರ ಲೆಕ್ಕದ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತೆಗೆದು, ವೈರ್ ಕಿತ್ತು ಕಪಾಟಿನಲ್ಲಿಡುತ್ತೇವೆ. ಹಣ ಕಳಿಸುವ ವಿವರ ಅವನು ತುಂಬುತ್ತಾನೆ, ನನ್ನ ಫೋನಿನಿಂದ ನಾನು ಒಪ್ಪಿಗೆ ಕೊಟ್ಟರೇ ಹೋಗುತ್ತದೆ. ಹೊಸ ಖಾತೆ ಎಂದು ಯಾರೇ ಬರೆದರೂ ಅವರ ಹಳೆಯ ನಂಬರಿಗೇ ಫೋನ್ ಮಾಡಿ ಕೇಳುತ್ತೇವೆ. ಇದಕ್ಕೆಲ್ಲ ದೊಡ್ಡ ಖರ್ಚೇನೂ ಆಗಲಿಲ್ಲ.

ಕಷ್ಟವಾದದ್ದು ನನ್ನ ನಾಲಿಗೆ ಹಿಡಿಯುವುದು. ಮೊನ್ನೆ ಚಾಕಣದ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದಾಗ ಹುಡುಗನ ಫೋನ್ ಬಂತು. "ಸಾಹೇಬ್ರ, 2,000ದ ಬಿಲ್ಲು ಐತಿ. ನೀವೇ ಕಳಿಸಿದ್ದೇನ್ರಿ?"

ಸಿಟ್ಟು ಗಂಟಲಿನ ತನಕ ಬಂದಿತ್ತು. ನುಂಗಿಕೊಂಡು ಹೇಳಿದೆ: "ಹೌದಪಾ, ನಾನೇ. ಕೇಳಿದ್ದು ಚಲೋ ಆತು."