ಕಿರವತ್ತಿಯಲ್ಲಿ ಸಿಗದ 765

ಹುಬ್ಬಳ್ಳಿ ಬಿಟ್ಟು ಕಲಘಟಗಿ ದಾಟಿದರೆ ಹೊಲ ಮುಗಿದು ಕಾಡು ಶುರುವಾಗುತ್ತೆ. ಸಾಗವಾನಿ ಮರಗಳ ನಡುವೆ ಲಾರಿಗಳ ಸಾಲು ಯಲ್ಲಾಪುರದ ಕಡೆ, ಅಲ್ಲಿಂದ ಅರಬೈಲು ಘಟ್ಟ ಇಳಿದು ಅಂಕೋಲಾ ಕಡೆ ಹೋಗ್ತಾ ಇರುತ್ತೆ. ಆ ದಾರಿಯಲ್ಲೇ ನಮ್ಮೂರು ಕಿರವತ್ತಿ. ಅತ್ತ ಬಯಲುಸೀಮೆಯೂ ಅಲ್ಲ, ಇತ್ತ ಪೂರ್ತಿ ಮಲೆನಾಡೂ ಅಲ್ಲ. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಧಾರವಾಡದ ಕನ್ನಡ, ಶಿರಸಿ ಕಡೆಯ ಕನ್ನಡ, ಮರಾಠಿ, ಉರ್ದು ಎಲ್ಲಾ ಕಿವಿಗೆ ಬೀಳುತ್ತೆ.

2021ರ ಏಪ್ರಿಲ್‌ನಲ್ಲಿ ಎರಡನೇ ಲಾಕ್‌ಡೌನ್ ಬಂದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದೆ. ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಒಂದು ಒಳ್ಳೆ ಸ್ಟೀರಿಯೋ ಇತ್ತು. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ರಜೆಗೆ ಬಂದಾಗ ತಂದು ಕೊಟ್ಟಿದ್ದು. ಬೆಂಗಳೂರಿನಲ್ಲಿ ಎರಡು ವರ್ಷ ಅದರ ಬಗ್ಗೆ ನಂದು ಒಂದೂ ದೂರು ಇರಲಿಲ್ಲ.

ಜುಲೈ 22ರ ಮಳೆ ನಮ್ಮ ಜಿಲ್ಲೆಯವರು ಯಾರೂ ಮರೆಯಲ್ಲ. ರಾತ್ರಿಯಿಡೀ ಹುಯ್ದು, ಬೆಳಗಾಗುವಷ್ಟರಲ್ಲಿ ಕರೆಂಟ್ ಇಲ್ಲ. ಮಧ್ಯಾಹ್ನಕ್ಕೆ ಮೊಬೈಲ್ ಸಿಗ್ನಲ್ಲೂ ಹೋಯ್ತು. ಅತ್ತೆಯ ಮನೆ ಗುಳ್ಳಾಪುರದ ಹತ್ತಿರ, ಗಂಗಾವಳಿ ಹೊಳೆಯ ಆಚೆ ದಡದಲ್ಲಿ. ಹಿಂದಿನ ದಿನ ಫೋನಿನಲ್ಲಿ "ನೀರು ಏರ್ತಾ ಇದ್ದು" ಅಂದಿದ್ದೇ ಕೊನೆ. ಆಯಿ ಒಲೆ ಮುಂದೆ ಸುಮ್ಮನೆ ಕೂತಿದ್ದಳು. ಅಪ್ಪಯ್ಯ ನನ್ನ ಹತ್ತಿರ ಬಂದು, "ತಮಾ, ನಿನ್ನ ಕಾರಲ್ಲಿ ರೇಡಿಯೋ ಇದ್ದಲ, ಧಾರವಾಡ ಹಾಕು. 765" ಅಂದ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಅದರ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟಿನದ್ದು, ನಮ್ಮೂರಿಗೆ ಹತ್ತಿರದ್ದೇ. ಬಾರದೇ ಇರಲು ಕಾರಣವೇ ಇಲ್ಲ. ಆದರೆ ಬಟನ್ ಒತ್ತಿದರೆ 760, ಇನ್ನೊಮ್ಮೆ ಒತ್ತಿದರೆ 770. ನಡುವಿನ 765 ಇಲ್ಲವೇ ಇಲ್ಲ! ಎರಡರಲ್ಲೂ ಧ್ವನಿ ಬರ್ತಿತ್ತು, ಆದರೆ ಒಡೆದ ಧ್ವನಿ. ಸಕಾರ ಷಕಾರ ಮಾತ್ರ ಚುಚ್ಚುತ್ತಿತ್ತು, ಉಳಿದಿದ್ದು ಕಲಸಿಹೋಗಿತ್ತು. "…ಲಾಪುರ… ಸೇತುವೆ…" ಅನ್ನುವಷ್ಟು ಕೇಳಿಸಿತು. ಯಲ್ಲಾಪುರವೋ ಗುಳ್ಳಾಪುರವೋ? ಸೇತುವೆ ಮುಳುಗಿದೆಯೋ, ಹೋಗಿಯೇ ಬಿಟ್ಟಿದೆಯೋ? ಅಪ್ಪಯ್ಯ ಕಿವಿಯನ್ನು ಸ್ಪೀಕರಿಗೇ ಹಚ್ಚಿ, "ಎಂತಾ ಹೇಳ್ತಾ ಇದ್ದ ತಮಾ?" ಅಂತ ಕೇಳ್ತಿದ್ದ. ನನಗೂ ಗೊತ್ತಾಗಲಿಲ್ಲ.

ಇನ್ನೂ ತಮಾಷೆ ಅಂದ್ರೆ, ಕತ್ತಲಾದ ಮೇಲೆ 720ರಲ್ಲಿ ಚೆನ್ನೈನ ತಮಿಳು ಸ್ಪಷ್ಟವಾಗಿ ಬಂತು. ಪಕ್ಕದ ಜಿಲ್ಲೆಯ ಕನ್ನಡ ಇಲ್ಲ, ಸಮುದ್ರದ ಆ ತುದಿಯ ತಮಿಳು ಉಂಟು. ಆಗ ನನ್ನ ಇಂಜಿನಿಯರಿಂಗ್ ತಲೆ ನಿಧಾನಕ್ಕೆ ಕೆಲಸ ಮಾಡಿತು. ಚೆನ್ನೈನ 720, ಧಾರವಾಡದ 765, ಬೆಂಗಳೂರಿನ 612: ಎಲ್ಲವನ್ನೂ 9ರಿಂದ ಭಾಗಿಸಬಹುದು. 10ರಿಂದ ಭಾಗಿಸಲು ಆಗುವುದು 720 ಒಂದನ್ನೇ.

ಕಥೆ ಇಷ್ಟೇ. 1975ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಮೀಡಿಯಂ ವೇವ್ ಕೇಂದ್ರಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಜೋಡಿಸಲು ಒಪ್ಪಿದವು. 1978ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಏಷ್ಯಾ, ಯುರೋಪ್, ಆಫ್ರಿಕಾ ಎಲ್ಲಾ ಈ ಲೆಕ್ಕದಲ್ಲಿವೆ. ಅಮೆರಿಕ ಖಂಡಗಳು 10ರಲ್ಲೇ ಉಳಿದುಕೊಂಡವು. ಅಲ್ಲಿಗಾಗಿ ಮಾಡಿದ ರೇಡಿಯೋ 10ರ ಮೆಟ್ಟಿಲನ್ನೇ ಹತ್ತುತ್ತೆ. ಧಾರವಾಡ ಸರಿಯಾಗಿ ಎರಡು ಮೆಟ್ಟಿಲಿನ ನಡುವೆ ಬಿದ್ದುಬಿಟ್ಟಿದೆ.

ಹಾಗಾದರೆ ಬೆಂಗಳೂರಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಅಲ್ಲಿ ನಾನು ಕೇಳ್ತಿದ್ದದ್ದು ಎಫ್‌ಎಂ ಮಾತ್ರ. ಅಮೆರಿಕದ ಎಫ್‌ಎಂನಲ್ಲಿ ಚುಕ್ಕೆಯ ನಂತರ ಯಾವಾಗಲೂ ಬೆಸ ಸಂಖ್ಯೆ: 88.1, 88.3, ಹೀಗೆ. ಬೆಂಗಳೂರಿನ 91.1, 92.7, 93.5, 98.3, ಆಕಾಶವಾಣಿಯ 101.3, 102.9, ಎಲ್ಲಾ ಬೆಸವೇ! ಕಾಕತಾಳೀಯ. ಹುಬ್ಬಳ್ಳಿ ದಾಟುವಾಗ ಧಾರವಾಡದ ವಿವಿಧ ಭಾರತಿ 103.0 ಸರಿ ಬರದಿದ್ದಾಗ ನಾನು ದೂರಿದ್ದು ಆಂಟೆನಾವನ್ನು. ಹಾಡೆಲ್ಲ ಸ್ವಲ್ಪ ಮಂಕಾಗಿ ಕೇಳಿಸುವುದಕ್ಕೂ ಇದೇ ಥರದ ಕಾರಣ ಇದೆ. ಎಫ್‌ಎಂನಲ್ಲಿ ಕಳಿಸುವಾಗ ಏರಿಸಿದ ತಾರಕ ಸ್ವರವನ್ನು ರೇಡಿಯೋ ಮತ್ತೆ ಇಳಿಸಬೇಕು. ಅಮೆರಿಕದ ರೇಡಿಯೋ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಇಳಿಸುತ್ತೆ.

"ನಮ್ಮ ಹಳೇ ರೇಡಿಯೋದಲ್ಲಿ ಮುಳ್ಳು ಒಂಚೂರು ತಿರುಗಿಸಿದ್ರೆ ಬರ್ತಿತ್ತು" ಅಂದ ಅಪ್ಪಯ್ಯ. ಹೌದು. ಮುಳ್ಳಿಗೆ ಮೆಟ್ಟಿಲಿಲ್ಲ, ಯಾವ ದೇಶದ್ದಾದರೂ ಎಲ್ಲಿ ಬೇಕಾದರೂ ನಿಲ್ಲುತ್ತೆ. ಆದರೆ ಆ ರೇಡಿಯೋ ಸೆಲ್ ಸೋರಿ ಹಾಳಾಗಿ ಅಟ್ಟ ಸೇರಿತ್ತು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ವಿಮೆ ಕಾಗದದ ಕೆಳಗೆ ಸ್ಟೀರಿಯೋದ ಪುಟ್ಟ ಕೈಪಿಡಿ ಸಿಕ್ಕಿತು. ಟಾರ್ಚ್ ಹಿಡಿದು ಓದಿದೆ. ಮೆನುವಿನ ಒಳಗೆ ಎಲ್ಲೋ ಒಂದು ಆಯ್ಕೆ: ಎಎಂ ಅಂತರ 10 ಅಥವಾ 9. ಎರಡು ವರ್ಷದಿಂದ ಅಲ್ಲೇ ಇತ್ತು. ಬದಲಾಯಿಸಿದೆ. ಉಳಿಸಿಟ್ಟ ಸ್ಟೇಷನ್‌ಗಳೆಲ್ಲ ಅಳಿಸಿಹೋದವು, ಹೋಗಲಿ. 756, ಆಮೇಲೆ 765. ಕಾರಿನೊಳಗೇ ಯಾರೋ ಕೂತು ಮಾತಾಡಿದ ಹಾಗೆ ಧಾರವಾಡ ಬಂತು.

ಮುಂದಿನ ವಾರ್ತೆಗೆ ಮೂವರೂ ಕಾರಿನಲ್ಲಿ ಕಾದೆವು. ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿತ್ತು. ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದಿತ್ತು, ಕಳಚೆಯಲ್ಲೂ ಕುಸಿದಿತ್ತು. ಒಳ್ಳೆ ಸುದ್ದಿ ಒಂದೂ ಇರಲಿಲ್ಲ. ಆದರೂ ಆಯಿ, "ಸೇತುವೆ ಹೋಯ್ದು ಅಂದ್ರೆ ಅವರು ಈ ಕಡೆ ಬರಲಾಗದೇ ಅಲ್ಲೇ ಇದ್ದ" ಅಂದು ಎದ್ದು ಅನ್ನಕ್ಕೆ ಇಟ್ಟಳು. ಅಪ್ಪಯ್ಯ ಬೆಳಗಾದ ಕೂಡಲೇ ಬೈಕ್ ಹತ್ತುವ ಯೋಚನೆ ಬಿಟ್ಟ. ಆ ರಸ್ತೆಯಲ್ಲಿ ಹೋಗಿದ್ದರೆ ಏನಾಗುತ್ತಿತ್ತೋ.

ಮೂರನೇ ದಿನ ಫೋನ್ ಹತ್ತಿತು. ಅತ್ತೆಯ ತೋಟಕ್ಕೆ ನೀರು ನುಗ್ಗಿ ಮಣ್ಣು ತುಂಬಿತ್ತು. ಮನೆ ಉಳಿದಿತ್ತು, ಜನ ಉಳಿದಿದ್ದರು.

ಹೊರದೇಶದಿಂದ ಯಾರಾದರೂ ರೇಡಿಯೋ ಅಥವಾ ಕಾರ್ ಸ್ಟೀರಿಯೋ ತಂದುಕೊಟ್ಟರೆ ಖುಷಿಯಿಂದ ತಗೊಳ್ಳಿ. ಹಾಕಿಸಿದ ದಿನವೇ ನಿಮ್ಮೂರಿನ ಆಕಾಶವಾಣಿ ಬರುತ್ತಾ ನೋಡಿ. ಬರದಿದ್ದರೆ ಕೈಪಿಡಿ ತೆಗೆದು 9ರ ಆಯ್ಕೆ ಎಲ್ಲಿದೆ ಹುಡುಕಿ. ನಾನಂತೂ ಅಪ್ಪಯ್ಯನಿಗೆ ಮುಳ್ಳು ತಿರುಗಿಸುವ ಒಂದು ಸಣ್ಣ ರೇಡಿಯೋ ತಂದುಕೊಟ್ಟೆ. ಜೊತೆಗೆ ನಾಲ್ಕು ಸೆಲ್. ಮಳೆಗಾಲ ಶುರುವಾಗುವ ಮೊದಲು ಪ್ರತಿ ವರ್ಷ ಹೊಸ ಸೆಲ್ ತರುವುದು ಈಗ ನನ್ನ ಕೆಲಸ.