ಮಾಯಾಬಜಾರ್‌ನಲ್ಲಿ ಪಾಂಡವರೆಲ್ಲಿ?

ನಿಮಗೊಂದು ಪ್ರಶ್ನೆ. ‘ಮಾಯಾಬಜಾರ್’ ಚಿತ್ರದಲ್ಲಿ ಭೀಮನ ಪಾತ್ರ ಮಾಡಿದವರು ಯಾರು? ಧರ್ಮರಾಯ ಯಾರು? ತಲೆ ಕೆರೆದುಕೊಳ್ಳಬೇಡಿ. ಯಾರೂ ಇಲ್ಲ! ಎನ್.ಟಿ. ರಾಮರಾವ್ ಕೃಷ್ಣ, ನಾಗೇಶ್ವರರಾವ್ ಅಭಿಮನ್ಯು, ಸಾವಿತ್ರಿ ಶಶಿರೇಖೆ, ಎಸ್.ವಿ. ರಂಗರಾವ್ ಘಟೋತ್ಕಚ... ಆದರೆ ಕೆ.ವಿ. ರೆಡ್ಡಿ 1957ರಲ್ಲಿ ತೆರೆಗೆ ತಂದ ಆ ಚಿತ್ರದಲ್ಲಿ ಐವರು ಪಾಂಡವರ ಪೈಕಿ ಒಬ್ಬರೂ ಕಾಣಿಸಿಕೊಳ್ಳುವುದಿಲ್ಲ.

ನನಗೆ ಇದು ಗೊತ್ತಾದದ್ದು ಹದಿಮೂರನೇ ವಯಸ್ಸಿನಲ್ಲಿ, ಬೋನಾಳದ ನಮ್ಮ ಮನೆಯ ಪಡಸಾಲೆಯಲ್ಲಿ. ಟಿ.ವಿ.ಯಲ್ಲಿ ತೆಲುಗು ಚಾನೆಲ್. ನಮ್ಮ ಸುರಪುರದ ಕಡೆ ತೆಲುಗು ಸಿನಿಮಾ ಪರದೇಶಿಯಲ್ಲ ಬಿಡಿ. ಪಕ್ಕದ ಹೊರಸಿನ ಮೇಲೆ ಮುತ್ಯಾ. ಭೀಮ ಈಗ ಬಂದಾನು, ಆಗ ಬಂದಾನು ಅಂತ ನಾನು ಕಾದೆ. ಪಿಕ್ಚರ್ ಮುಗಿದೇ ಹೋಯಿತು. ನನಗೆ ಸಿಟ್ಟು.

“ಮುತ್ಯಾ, ಭೀಮ ಬರ್ಲೇ ಇಲ್ಲಲ್ಲ?”

“ವನವಾಸಕ್ಕ ಹೋದೋರು ಕಣ್ಣಿಗಿ ಬೀಳ್ತಾರೇನೋ ತಮ್ಮಾ? ಅವ್ರ ಹೆಸ್ರಷ್ಟೇ ಊರಾಗ ಇರ್ತದ,” ಅಂದರು ಮುತ್ಯಾ.

ಕಥೆ ನಿಮಗೆ ಗೊತ್ತೇ ಇದೆ. ಜೂಜಿನಲ್ಲಿ ಪಾಂಡವರು ಎಲ್ಲಾ ಕಳೆದುಕೊಂಡರು. ರಾಜ್ಯ ಹೋದ ಮೇಲೆ ಬೀಗರೂ ಕೈಬಿಟ್ಟರು. ಅಭಿಮನ್ಯುವಿಗೆ ಕೊಡುತ್ತೇವೆಂದಿದ್ದ ಹುಡುಗಿಯನ್ನು ದುರ್ಯೋಧನನ ಮಗನಿಗೆ ಗೊತ್ತು ಮಾಡಿದರು. ಸುಭದ್ರೆ ಮಗನನ್ನು ಕರೆದುಕೊಂಡು ಅಡವಿಗೆ, ಘಟೋತ್ಕಚನ ಆಶ್ರಯಕ್ಕೆ ಹೋದಳು. ಆಮೇಲೆ ಬರೀ ನಗು, ಮಾಯೆ, ಮದುವೆ ಊಟ!

ಆದರೆ ಭಾರತ ಬಲ್ಲ ಪ್ರೇಕ್ಷಕನಿಗೆ ಮುಂದಿನದೂ ಗೊತ್ತು. ವನವಾಸ, ಅಜ್ಞಾತವಾಸ ಮುಗಿದರೆ ಕುರುಕ್ಷೇತ್ರ. ಯುದ್ಧದ 13ನೇ ದಿನ ಅಭಿಮನ್ಯು ಚಕ್ರವ್ಯೂಹದೊಳಗೆ ಬೀಳುತ್ತಾನೆ. ಮರುದಿನ ರಾತ್ರಿ ಕರ್ಣನ ಶಕ್ತ್ಯಾಯುಧಕ್ಕೆ ಘಟೋತ್ಕಚ. ನಮ್ಮನ್ನು ನಗಿಸಿದ ಅಣ್ಣ ತಮ್ಮ ಇಬ್ಬರೂ ಬದುಕುವವರಲ್ಲ. ಶಶಿರೇಖೆಯಂತೂ ವ್ಯಾಸಭಾರತದಲ್ಲೇ ಇಲ್ಲ. ಅಲ್ಲಿ ಅಭಿಮನ್ಯುವಿನ ಮಡದಿ ಉತ್ತರೆ. ಶಶಿರೇಖೆ ಜನರ ಬಾಯಲ್ಲಿ ಹುಟ್ಟಿದ ಹುಡುಗಿ. ಸಾಯಲಿರುವ ಹುಡುಗನಿಗೆ ಇನ್ನಷ್ಟು ಸಂಭ್ರಮ ಸಿಗಲಿ ಅಂತ ಜನ ಆಕೆಯನ್ನು ಕಟ್ಟಿಕೊಂಡರೋ ಏನೋ!

ಮುತ್ಯಾಗೆ ಇದೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1948ರಲ್ಲಿ ಅವರು ಹತ್ತು ವರ್ಷದ ಹುಡುಗ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಭಾಗಕ್ಕಲ್ಲ. ನಾವು ಹೈದರಾಬಾದ್ ನಿಜಾಮರ ರಾಜ್ಯದ ಗುಲಬರ್ಗಾ ಜಿಲ್ಲೆಯವರು. ಕಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹೆದರಿ ಸಾವಿರಾರು ಮಂದಿ ಗಡಿ ದಾಟಿದರು. ನಮ್ಮ ಮನೆಯವರೂ ಒಂದು ರಾತ್ರಿ ಬಂಡಿ ಹೂಡಿದರು. ಕೆರೆ, ಹೊಲ, ಎಮ್ಮೆ ಬಿಟ್ಟು ಪಡುವಣಕ್ಕೆ, ತಾಳಿಕೋಟಿಯ ಕಡೆಗೆ. ಅದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ.

ಅಲ್ಲಿ ಬೇವಿನ ಗಿಡದ ಕೆಳಗೆ ಸಂಸಾರ. ನಾಳೆ ಫೌಜು ಬರುತ್ತದಂತೆ, ನಾಡಿದ್ದು ಯುದ್ಧವಂತೆ ಎಂಬ ಸುದ್ದಿ ದಿನಾಲೂ. ರಾತ್ರಿ ಗಂಜಿ ಕುಡಿದು ಮಲಗಿದ ಮಕ್ಕಳಿಗೆ ಮುತ್ಯಾನ ಅವ್ವ ಘಟೋತ್ಕಚನ ಕಥೆ ಹೇಳುತ್ತಿದ್ದರಂತೆ. ಅಂಥವನೊಬ್ಬ ಬಂದು ಹೊರಸು ಸಮೇತ ಎತ್ತಿಕೊಂಡು ಹೋಗಿ ಊರಿಗೆ ಬಿಡಬಾರದೇ ಅಂತ ಮಕ್ಕಳ ಆಸೆ.

ಸೆಪ್ಟೆಂಬರ್ 13ಕ್ಕೆ ಫೌಜು ಒಳನುಗ್ಗಿತು. ಐದೇ ದಿನದಲ್ಲಿ ಎಲ್ಲಾ ಮುಗಿಯಿತು. ಬಂಡಿ ತಿರುಗಿ ಬೋನಾಳಕ್ಕೆ ಬಂತು.

ಬಂದ ಮುತ್ಯಾ ಮೊದಲು ಓಡಿದ್ದು ಗೆಳೆಯನ ಮನೆಗೆ. ದೊಡ್ಡಾಟ ನೋಡಿ ಬಂದು ಇಬ್ಬರೂ ಅದನ್ನೇ ಆಡುತ್ತಿದ್ದರು. ಇವರು ಅಭಿಮನ್ಯು, ಅವನು ಘಟೋತ್ಕಚ. ಬಾಗಿಲಿಗೆ ಬೀಗ! ಗೆಳೆಯ ಮುಸಲ್ಮಾನರ ಹುಡುಗ. ಪೊಲೀಸ್ ಕಾರ್ಯಾಚರಣೆಯ ನಂತರ ಗುಲಬರ್ಗಾ, ಬೀದರ್, ಉಸ್ಮಾನಾಬಾದ್ ಕಡೆ ಮುಸಲ್ಮಾನರ ಮೇಲೆ ನಡೆದದ್ದನ್ನು ಪಂಡಿತ್ ಸುಂದರಲಾಲ್ ಸಮಿತಿ ಆಗಲೇ ಸರ್ಕಾರಕ್ಕೆ ವರದಿ ಮಾಡಿತ್ತು. ರಜಾಕಾರರ ಜೊತೆ ಎಂದೂ ಸೇರದ ಬಡವರೂ ಊರು ಬಿಟ್ಟರು. ಒಬ್ಬರ ವನವಾಸ ಮುಗಿದ ದಿನವೇ ಇನ್ನೊಬ್ಬರದು ಶುರು.

“ಟೆಂಟಿನ್ಯಾಗ ಮಾಯಾಬಜಾರ್ ಬಂದಾಗ ಹೋಗಿದ್ದೆ. ಘಟೋತ್ಕಚ ಲಾಡು ತಿನ್ನಾದು ಬಂತು. ಎಲ್ಲಾರೂ ಬಿದ್ದು ಬಿದ್ದು ನಕ್ರು. ನಾ ಹಿಂದಕ್ಕ ಹೊಳ್ಳಿ ಮಂದಿ ಮಾರಿ ನೋಡಿದೆ. ಅವ ಎಲ್ಲೆರೆ ಕುಂತಾನೇನೋ ಅಂತ.”

ಇರಲಿಲ್ಲ. ಆಮೇಲೂ ಸಿಗಲಿಲ್ಲ.

ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮಲ್ಲಿ ಧ್ವಜ ಏರುತ್ತದೆ. ಮುತ್ಯಾ ಇರುವವರೆಗೆ ಹಿರಿಯರು ಅಂತ ಕರೆದು ಮಾತಾಡಿಸುತ್ತಿದ್ದರು. ಬಂಡಿ, ಬೇವಿನ ಗಿಡ, ಗಂಜಿ... ಎಲ್ಲಾ ಹೇಳುತ್ತಿದ್ದರು. ಬೀಗ ಹಾಕಿದ ಬಾಗಿಲಿನ ಹತ್ತಿರ ಬರುತ್ತಲೇ “ಸಾಕು” ಅಂತ ಕುಳಿತುಬಿಡುತ್ತಿದ್ದರು. ಆ ಮಾತು ಒಂದು ಸಭೆಯಲ್ಲೂ ಅವರ ಬಾಯಿಂದ ಬರಲಿಲ್ಲ.

ಅದಕ್ಕೇ ಇಲ್ಲಿ ಬರೆದಿದ್ದೇನೆ. ಇನ್ನೊಮ್ಮೆ ‘ಮಾಯಾಬಜಾರ್’ ನೋಡುವಾಗ ಹೊಟ್ಟೆ ತುಂಬಾ ನಗಿ. ಆದರೆ ತೆರೆಯ ಮೇಲೆ ಬಾರದೇ ಉಳಿದವರನ್ನೂ ಒಂದು ಸಲ ನೆನೆಸಿಕೊಳ್ಳಿ.