ಕ್ಯೋಟೋದಲ್ಲಿ ಓವರ್ ಆಕ್ಟಿಂಗ್‌ಗೆ ಚಪ್ಪಾಳೆ!

ಕ್ಯೋಟೋ ಎಂದೊಡನೆ ನಮ್ಮಂಥ ಸಿನಿಮಾ ಹುಚ್ಚರಿಗೆ ನೆನಪಾಗುವುದು ಕುರೊಸಾವಾ. ಆತನ ‘ರಾಶೊಮಾನ್’ (1950) ತಯಾರಾದದ್ದು ಈ ಊರಿನ ಸ್ಟುಡಿಯೋದಲ್ಲೇ. ಆದರೆ ಪ್ರೇಕ್ಷಕರನ್ನೇ ಎಬ್ಬಿಸಿ ನಿಲ್ಲಿಸಿ ನಟರನ್ನಾಗಿ ಮಾಡಿದ್ದೂ ಇದೇ ಊರು! ಅದನ್ನು ನೋಡಲೆಂದೇ ಹೊರಟೆ.

ಜೊತೆಗೆ ಒಸಾಕಾದಲ್ಲಿ ಕೆಲಸದಲ್ಲಿರುವ ದಾವಣಗೆರೆಯ ಗೆಳೆಯ. ಕಿಂಟೆಟ್ಸು ರೈಲಿನಲ್ಲಿ ಒಗುರಾ ಸ್ಟೇಷನ್ನಿಗೆ ಹೋಗಿ, ಐದು ನಿಮಿಷ ನಡೆದರೆ ನಿಂಟೆಂಡೊ ಮ್ಯೂಸಿಯಂ. 2024ರ ಅಕ್ಟೋಬರ್ 2ರಂದು ಬಾಗಿಲು ತೆರೆದ ಇದು ಹಿಂದೆ ಕಂಪನಿಯ ಕಾರ್ಖಾನೆ. ಇಲ್ಲಿ ತಯಾರಾಗುತ್ತಿದ್ದುದು ಏನು ಗೊತ್ತೆ? ಇಸ್ಪೀಟು ಎಲೆ! 1889ರಲ್ಲಿ ಕಂಪನಿ ಶುರುವಾದದ್ದೇ ‘ಹನಾಫುದಾ’ ಎಂಬ ಹೂವಿನ ಎಲೆಗಳಿಂದ. ನಾಲ್ಕು ಜನರನ್ನು ಒಂದು ಚಾಪೆಯ ಮೇಲೆ ಕೂರಿಸುವ ವಿದ್ಯೆ ಇವರಿಗೆ ಹಳೆಯದು.

ಟಿಕೆಟ್ಟು ಮುಂಚಿತವಾಗಿಯೇ, ಹೆಚ್ಚಾಗಿ ಲಾಟರಿಯಲ್ಲಿ. ಗೇಟಿನಲ್ಲಿ ಬ್ಲ್ಯಾಕಿನವನನ್ನು ಹುಡುಕಿ ಪ್ರಯೋಜನವಿಲ್ಲ, ಬಿಡಿ! ಒಳಗೆ ಆಡಲು ತಲೆಗೆ 10 ನಾಣ್ಯ. ಒಂದು ಕಡೆ ದೈತ್ಯ ಕಂಟ್ರೋಲರ್. ಒಬ್ಬ ದಿಕ್ಕು ತಿರುಗಿಸಬೇಕು, ಇನ್ನೊಬ್ಬ ಬಟನ್ ಒತ್ತಬೇಕು. “ಈಗ ಒತ್ತೋ ಲೇ!” ಎಂದು ನಾನು, “ನೀನು ಎತ್ಲಾಗೆ ಹೊಂಟಿದ್ದೀ ಮಾರಾಯ?” ಎಂದು ಅವನು. ಸುತ್ತಲಿದ್ದ ಜಪಾನೀಯರಿಗೆ ಪುಕ್ಕಟೆ ಮನರಂಜನೆ!

ದಾರ ಕಟ್ಟಿಕೊಂಡ ಹೀರೋಗಳು

ಅಲ್ಲೇ ಕಂಡಿತು, ಬಿಳಿ ಬಣ್ಣದ ‘ವೀ’. 2006ರಲ್ಲಿ ಬಂದದ್ದು. ವಿಡಿಯೋ ಗೇಮ್ ಮುಟ್ಟದವರೂ ಆಡಬೇಕೆಂಬುದು ಅಂದಿನ ಮುಖ್ಯಸ್ಥ ಸತೊರು ಇವಾಟಾ ಅವರ ಹಟ. ಟಿವಿ ರಿಮೋಟಿನಂಥ ಕಡ್ಡಿ. ಬೀಸಿದರೆ ಟೆನಿಸ್, ಉರುಳಿಸಿದಂತೆ ಮಾಡಿದರೆ ಬೌಲಿಂಗ್, ಗುದ್ದಿದರೆ ಬಾಕ್ಸಿಂಗ್. ಒಳಗಿನ ಚಿಪ್ಪು ಕೈಯ ಚಲನೆ ಅಳೆಯುತ್ತದೆ. ಟಿವಿ ಬಳಿ ಇಡುವ ‘ಸೆನ್ಸರ್ ಬಾರ್’ ಏನನ್ನೂ ಗ್ರಹಿಸುವುದಿಲ್ಲ. ಅದು ಕಣ್ಣಿಗೆ ಕಾಣದ ಬೆಳಕು ಬೀರುವ ದೀಪ, ನೋಡುವ ಕ್ಯಾಮೆರಾ ಇರುವುದು ರಿಮೋಟಿನ ತುದಿಯಲ್ಲಿ! ಬೀಸಿದ ಭರಕ್ಕೆ ದಾರ ಕಿತ್ತು ರಿಮೋಟು ಹಾರಿ ಟಿವಿಗೇ ಬಡಿದದ್ದೂ ಉಂಟು. ಅದೇ ಡಿಸೆಂಬರಿನಲ್ಲಿ ಕಂಪನಿ ಗಟ್ಟಿ ದಾರ ಕೊಡಬೇಕಾಯಿತು. ಆದರೂ 10 ಕೋಟಿಗೂ ಹೆಚ್ಚು ‘ವೀ’ ಮಾರಾಟವಾದವು. ಸಿಲ್ವರ್ ಜ್ಯೂಬಿಲಿಯ ಅಪ್ಪ!

ಅಂದು ರಾತ್ರಿ ಗೆಳೆಯನ ರೂಮಿನಲ್ಲಿ ಅಂಥದ್ದೇ ಹಳೆಯ ‘ವೀ’. ಪಕ್ಕದ ಮನೆಯ ವಿಯೆಟ್ನಾಂ ಹುಡುಗ, ಎದುರಿನ ಜಪಾನಿ ತರುಣ ಇಬ್ಬರನ್ನೂ ಕರೆದ. ಎರಡು ವರ್ಷದಿಂದ ಅವರೊಡನೆ ಅವನದು ಬರೀ ತಲೆ ಬಾಗಿಸುವ ಪರಿಚಯ. ಅವರ ಭಾಷೆ ಇವನಿಗೆ ಅಷ್ಟಕ್ಕಷ್ಟೆ, ಇವನ ಕನ್ನಡ ಅವರಿಗೆ ಸೊನ್ನೆ. ಊರಿಗೆ ವಾಪಸು ಬಂದುಬಿಡ್ತೀನಿ ಕಣೋ ಎಂದು ಬೆಳಿಗ್ಗೆಯಷ್ಟೇ ರೈಲಿನಲ್ಲಿ ಗೊಣಗಿದ್ದ.

ಬಾಕ್ಸಿಂಗ್ ಶುರುವಾಯಿತು ನೋಡಿ! ನಿಜ ಹೇಳಬೇಕೆಂದರೆ ಈ ಆಟಗಳಲ್ಲಿ ಮಣಿಕಟ್ಟು ಆಡಿಸಿದರೂ ಬಹುಪಾಲು ಕೆಲಸ ಆಗುತ್ತದೆ. ಆದರೆ ಯಾರು ಸುಮ್ಮನಿರುತ್ತಾರೆ? ವಿಯೆಟ್ನಾಂ ಹುಡುಗ ಬಗ್ಗಿ ಏಟು ತಪ್ಪಿಸಿಕೊಂಡ. ಗೆಳೆಯ ನಮ್ಮ ಕ್ಲೈಮ್ಯಾಕ್ಸ್ ಫೈಟಿಂಗಿನ ಹೀರೋನಂತೆ ತೋಳು ಮಡಚಿ ನಿಂತ. ಜಪಾನಿ ತರುಣ ನೆಲಕ್ಕೆ ಬಿದ್ದು ಸತ್ತಂತೆ ನಟಿಸಿದ. ಟಿವಿ ನೋಡುವವರೇ ಇಲ್ಲ, ಎಲ್ಲರ ಕಣ್ಣೂ ಆಡುವವನ ಮೇಲೆ! ಮಾತಿಲ್ಲದ ಚಾಪ್ಲಿನ್‌ಗೆ ಜಗತ್ತು ನಕ್ಕದ್ದು ಹೀಗೇ ಇರಬೇಕು.

ಹೋಗುವಾಗ ಇಬ್ಬರೂ ತಲೆ ಬಾಗಿಸಲಿಲ್ಲ. ಗುದ್ದುವಂತೆ ಮುಷ್ಟಿ ತೋರಿಸಿ ಹೋದರು. ಗೆಳೆಯ ಮುಂದಿನ ಶನಿವಾರದ ಲೆಕ್ಕ ಹಾಕುತ್ತಿದ್ದ. ಊರಿನ ಮಾತು ಎತ್ತಲಿಲ್ಲ.

ಆ ಕಡೆ ಹೋದರೆ ಒಬ್ಬರೇ ಹೋಗಬೇಡಿ, ಮಿತ್ರರೇ. ಆ ದೈತ್ಯ ಕಂಟ್ರೋಲರಿಗೆ ನಾಲ್ಕು ಕೈ ಬೇಕು.